ಕೈಕಾಲು ತೊಳ್ಕೊಳ್ಳಿ

ಅಪ್ಪ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ. ಗೇಟಿನವರೆಗೂ ಬಂದವನು ಅಲ್ಲೇ ನಿಂತ. ಮತ್ತೆ ಹಿಂದಕ್ಕೆ ಹೋಗಿ ಬೀಗವನ್ನು ಜಗ್ಗಿ ನೋಡಿದ.

“ಹಾಕಿದೀರಿ ಕಣ್ರೀ, ನಾನೇ ನೋಡಿದೆ,” ಎಂದಳು ಅಮ್ಮ. ಅವಳ ಕಂಕುಳಲ್ಲಿ ಮಕ್ಕಳ ನಾಟಕದ ಬಟ್ಟೆಯ ಗಂಟು, ಬಾಯಲ್ಲಿ ಕಚ್ಚಿಕೊಂಡ ಒಂದು ಗುಂಡುಪಿನ್ನು. ಇಡೀ ವಾರ ಹೊಲಿಗೆ ಮಿಷನ್ನು ತುಳಿದು ತುಳಿದು ಅವಳ ನಡಿಗೆಗೂ ಅದೇ ತಾಳ ಬಂದುಬಿಟ್ಟಿತ್ತು.

“ನೀನು ನೋಡಿದ್ದು ಸರಿ. ನಾನು ಹಾಕಿದ್ದು ನನಗೆ ನೆನಪಿರ್ಬೇಕಲ್ಲ,” ಎಂದ ಅಪ್ಪ.

ಗೇಟಿನ ಹೊರಗೆ ನಿಂತಿದ್ದ ಟೇಪು ಚಪ್ಪಲಿಯ ತುದಿ ನೋಡತೊಡಗಿದಳು. ಟೇಪು ಅಂದರೆ ಅವರ ಮಗಳು. ಮನೆಯಲ್ಲಿಟ್ಟ ಹೆಸರು ಬೇರೆ, ಆದರೆ ಹೈಸ್ಕೂಲಿನಲ್ಲಿ ಮೇಷ್ಟ್ರುಗಳೂ ಅವಳನ್ನು ಕರೆಯುತ್ತಿದ್ದದ್ದು ಟೇಪು ಅಂತಲೇ. ಒಮ್ಮೆ ಕಿವಿಗೆ ಬಿದ್ದ ಸದ್ದು ಟೇಪ್ ರೆಕಾರ್ಡರಿನಲ್ಲಿ ಉಳಿದ ಹಾಗೆ ಅವಳ ಗಂಟಲಲ್ಲಿ ಉಳಿದುಬಿಡುತ್ತಿತ್ತು. ನೀರಿನ ಪಂಪು ಕೆಮ್ಮಿ ಶುರುವಾಗುವುದು, ಕಂಡಕ್ಟರು ರೈಟ್ ಅನ್ನುವುದು, ಗಣಿತದ ಸೊನ್ನೆ ಮೇಷ್ಟ್ರು ಉತ್ತರಪತ್ರಿಕೆ ಹಂಚುತ್ತ ಹಲ್ಲು ಕಡಿಯುವುದು, ಯಾವುದನ್ನು ಕೇಳಿದರೂ ಬಾಯಿ ತೆರೆದರೆ ಸಾಕು, ಬರುತ್ತಿತ್ತು. ನಿಲ್ಲಿಸುವುದೇ ಕಷ್ಟ.

ಈಗ ಮಾತ್ರ ಯಾರೋ ಗುಂಡಿ ಒತ್ತಿ ನಿಲ್ಲಿಸಿದ ಹಾಗೆ ಅವಳ ಬಾಯಿ ಕಟ್ಟಿಹೋಗಿತ್ತು.

ಅಪ್ಪ ಅದೇ ಹೈಸ್ಕೂಲಿನ ಹೆಡ್ಮಾಷ್ಟ್ರು. ಇವತ್ತು ಟರ್ಮಿನ ಕೊನೆಯ ದಿನ. ಹಾಡು, ನಾಟಕ, ಬಹುಮಾನ ಎಲ್ಲ ಮುಗಿದ ಮೇಲೆ ಹೆಡ್ಮಾಷ್ಟ್ರು ಎದ್ದು ‘ಟರ್ಮಿನ ಸುದ್ದಿ’ ಹೇಳುವುದು ರೂಢಿ. ಶಾಲೆಯಲ್ಲಿ ಏನೇನಾಯಿತು, ಯಾರು ಗೆದ್ದರು, ಯಾವ ಗೋಡೆಗೆ ಬಣ್ಣ ಬಂತು, ಎಲ್ಲ. ಪ್ರತಿ ಸಲ ಕಾಗದ ನೋಡಿ ಓದುತ್ತಿದ್ದವನು ಈ ಸಲ ಕಾಗದ ಬೇಡ ಅಂದುಬಿಟ್ಟಿದ್ದ. ಬಾಯಿಪಾಠ ಹೇಳುತ್ತೇನೆ, ಅಷ್ಟಾದರೂ ಸಾಧ್ಯವಾಗುತ್ತದೋ ಇಲ್ಲವೋ ನೋಡೋಣ ಅಂದಿದ್ದ. ಶಾಲೆಯ ದಾರಿಯುದ್ದಕ್ಕೂ ಧೂಳಿನಲ್ಲಿ ಕಾಲೆಳೆಯುತ್ತ ಗೊಣಗಿಕೊಳ್ಳುತ್ತಿದ್ದ.

“ಬಾವಿಗೆ ಹೊಸ ಪಂಪು. ಲೈಬ್ರರಿ ಸೋರೋದು ನಿಂತಿದೆ. ಎಂಟನೇ ಕ್ಲಾಸಿನ ಹುಡುಗಿಯರಿಗೆ ಓಟದಲ್ಲಿ ಕಪ್ಪು. ಲ್ಯಾಬಿನ ಬೀರುವಿನಲ್ಲಿ ಕೋಳಿ ಮರಿ ಮಾಡಿದೆ. ಆಮೇಲೆ... ಆಮೇಲೆ ಹೆಂಚು. ಹೆಂಚು ಬದಲಾಯಿಸಿದ್ದು.” ಕೊನೆಗೆ ಧ್ವನಿ ತಗ್ಗಿಸಿದ. “ಕೊನೆಯ ಸುದ್ದಿ, ಹೆಡ್ಮಾಷ್ಟ್ರು ಕುರ್ಚಿ ಬಿಟ್ಟುಕೊಡ್ತಾ ಇದಾರೆ.”

“ಅದನ್ನ ಬಾಯಿಪಾಠ ಮಾಡ್ಬೇಕೇನ್ರೀ?” ಎಂದಳು ಅಮ್ಮ.

“ಅದೇ ಮರೆತುಹೋದ್ರೆ ಏನು ಗತಿ? ಮುಂದಿನ ಟರ್ಮಿಗೂ ಬಂದು ಕೂತ್ಕೊಂಡು ಬಿಡ್ತೀನಿ!” ಅಪ್ಪ ನಕ್ಕ. ಅವನ ನಗೆಗೆ ಬೇರೆ ಯಾರೂ ದನಿಗೂಡಿಸಲಿಲ್ಲ.

ಟೇಪು ಎರಡು ಹೆಜ್ಜೆ ಹಿಂದೆ ಉಳಿದಳು.

ನಡೆದದ್ದು ಇಷ್ಟು. ವಿಜ್ಞಾನ ಪರೀಕ್ಷೆಯ ದಿನ ಮಧ್ಯಾಹ್ನ ಅವಳು ಅಪ್ಪನ ಊಟದ ಡಬ್ಬಿ ತೊಳೆದು ಕೊಡಲು ಆಫೀಸಿಗೆ ಹೋಗಿದ್ದಳು. ಅಪ್ಪ ಕುರ್ಚಿಗೆ ಒರಗಿ, ಮುಖದ ಮೇಲೆ ಕರವಸ್ತ್ರ ಹಾಕಿಕೊಂಡು ಮಲಗಿದ್ದ. ಊಟವಾದ ಮೇಲೆ ಕಣ್ಣಿಗೆ ಇಷ್ಟೇ ಇಷ್ಟು ನಿದ್ದೆ ಕೊಡುವುದು ಅವನ ಅಭ್ಯಾಸ. ಉಸಿರು ಬಿಟ್ಟಾಗಲೆಲ್ಲ ಕರವಸ್ತ್ರ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಮೇಜಿನ ಮೇಲೆ ಮೈಕಿತ್ತು. ಅದರ ಬುಡದಲ್ಲಿರುವ ಕೆಂಪು ದೀಪ ಸುಟ್ಟುಹೋಗಿ ಎಷ್ಟೋ ಕಾಲವಾಗಿದ್ದರಿಂದ, ಬೆಳಿಗ್ಗೆ ಯಾರು ಎಲ್ಲಿ ಕೂರಬೇಕೆಂದು ಹೇಳಿದ ಮೇಲೆ ಅದನ್ನು ಆರಿಸಿಲ್ಲ ಎನ್ನುವುದು ಅವನಿಗೂ ತಿಳಿದಿರಲಿಲ್ಲ, ಅವಳಿಗೂ ಕಾಣಲಿಲ್ಲ.

ಟರ್ಮಿನ ಕೊನೆಯ ದಿನದ ಕಾರ್ಯಕ್ರಮದಲ್ಲಿ ಅವಳದೊಂದು ಅಣಕುಧ್ವನಿ ಇದ್ದೇ ಇರುತ್ತಿತ್ತು. ಅಪ್ಪ ಎದುರಿಗೇ ಇದ್ದಾನೆ, ಬಾಯಿ ಮುಚ್ಚಿಕೊಂಡು. ಅವನ ಪರವಾಗಿ ತಾನೇ ಮಾತಾಡಿದರೆ ಹೇಗೆ? ನಗು ಬಂತು. ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೈಕನ್ನು ತುಟಿಗೆಳೆದುಕೊಂಡು, ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿಯಲ್ಲಿ ಹೇಳಿದಳು:

“ಎಲ್ಲಾ ಮಕ್ಕಳಿಗೂ ತಿಳಿಸೋದೇನಂದ್ರೆ, ಇವತ್ತು ಮಧ್ಯಾಹ್ನದ ವಿಜ್ಞಾನ ಪರೀಕ್ಷೆ ಇರೋದಿಲ್ಲ. ಎಲ್ರೂ ಮನೆಗೆ ಹೋಗಿ. ಹೋಗಿ ಹೋಗಿ, ಮೊದ್ಲು ಕೈಕಾಲು ತೊಳ್ಕೊಳ್ಳಿ.”

ಅಪ್ಪನ ಧ್ವನಿ ಗಂಡಸರ ಪೈಕಿ ತೆಳು, ಸ್ವಲ್ಪ ಮೂಗಿನಿಂದ ಇಳಿದು ಬರುವಂಥದ್ದು. ಮೈದಾನದಾಚೆ ಕಂಬದ ಮೇಲಿನ ಹಳೆಯ ಹಾರ್ನು ಯಾರು ಮಾತಾಡಿದರೂ ತಗಡು ಬಡಿದಂತೆ ಕೇಳಿಸುವಂಥದ್ದು. ಆಫೀಸಿನ ಫ್ಯಾನು ಗಡಗಡ ಅನ್ನುತ್ತಿದ್ದುದರಿಂದ ಅವಳಿಗೆ ತನ್ನ ಮಾತು ಹೊರಗೆ ಹೋದದ್ದು ಕೇಳಿಸಲಿಲ್ಲ. ಕೇಳಿಸಿದ್ದು ಮೈದಾನದಿಂದ ಎದ್ದ ‘ಹೋ’ ಎಂಬ ಕೂಗು. ಅವಳು ಡಬ್ಬಿಯನ್ನೂ ಬಿಟ್ಟು ಹಿಂಬಾಗಿಲಿನಿಂದ ಓಡಿದಳು.

ಆಮೇಲೆ ಆದದ್ದು ಒಂದರ ಹಿಂದೊಂದು. ದೂರದ ಊರಿನ ಮಕ್ಕಳೆಲ್ಲ ಸಿಕ್ಕ ಬಸ್ಸು ಹತ್ತಿಬಿಟ್ಟರು. ಅವತ್ತೇ ತಪಾಸಣೆಗೆ ಬಂದ ಮೇಲಧಿಕಾರಿಗೆ ಸಿಕ್ಕಿದ್ದು ಖಾಲಿ ಬೆಂಚುಗಳು, ಮತ್ತೆ ಮೈಕಿನ ಎದುರು ಕಣ್ಣುಜ್ಜುತ್ತ ಕೂತ ಹೆಡ್ಮಾಷ್ಟ್ರು. ನಿದ್ದೆಗಣ್ಣಿನಲ್ಲಿ ನನ್ನದೇ ಧ್ವನಿ ಕೇಳಿದ ಹಾಗಾಯಿತು ಎಂದು ಅವನೇ ಹೇಳಿದ. ಅವನ ಆ ಮಾತನ್ನೇ ಎಲ್ಲರೂ ಹಿಡಿದುಕೊಂಡರು. ಕೈಕಾಲು ತೊಳ್ಕೊಳ್ಳಿ ಅಂದರಂತೆ! ಪಾಪ, ಶಾಲೆಯಲ್ಲಿದ್ದೇನೋ ಮನೆಯಲ್ಲಿದ್ದೇನೋ ಅನ್ನುವುದೂ ತಿಳಿಯುತ್ತಿಲ್ಲ ಮನುಷ್ಯನಿಗೆ.

ಮರುದಿನ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಾಗ ಅಪ್ಪ ಆಫೀಸಿನ ಮೈಕಿನಲ್ಲೇ ಹೇಳಿದ್ದ: “ಇದು ಮಕ್ಕಳಲ್ಲಿ ಯಾರಾದ್ರೂ ಮಾಡಿದ್ದಾದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ, ಯಾರೇ ಆಗಿರ್ಲಿ. ನಾನೇ ಮಾಡಿದ್ದಾದ್ರೆ ನಾನು ಕುರ್ಚಿ ಬಿಡ್ತೀನಿ. ಟರ್ಮು ಮುಗಿಯೋ ತನಕ ಟೈಮಿದೆ.”

ಅವತ್ತೇ ಹೇಳಿಬಿಟ್ಟಿದ್ದರೆ ಬೈಗುಳ, ಏಟು, ಅಳು ಇಷ್ಟರಲ್ಲೇ ಮುಗಿಯುತ್ತಿತ್ತೇನೋ. ಅವತ್ತು ಹೇಳಲಿಲ್ಲ. ಮರುದಿನ ಹೇಳುವುದಕ್ಕೆ, ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕಿತ್ತು. ಹೀಗೆ ದಿನದಿನಕ್ಕೂ ಆ ಮಾತು ಉಬ್ಬುತ್ತ ಹೋಗಿ ಈಗ ಗಂಟಲಲ್ಲಿ ಹಿಡಿಸದಷ್ಟಾಗಿತ್ತು. ಒಳಗೊಳಗೇ ಅವಳಿಗೆ ಒಂದು ಆಸೆಯೂ ಇತ್ತು. ಅಪ್ಪನಿಗೆ ಗೊತ್ತಿರಬಹುದು, ಗೊತ್ತಿದ್ದೂ ನನ್ನ ಸಲುವಾಗಿ ಸುಮ್ಮನಿರಬಹುದು ಎಂದು. ಆ ಆಸೆಯ ಮೇಲೆ ಅವಳು ಹೇಗೋ ನಿದ್ದೆ ಮಾಡುತ್ತಿದ್ದಳು.

ಅಮ್ಮ ಗಂಟು ಹೊತ್ತು ಮುಂದೆ ಹೋಗಿದ್ದಳು. ಶಾಲೆಯ ಮೈದಾನದಿಂದ ಆಗಲೇ ಮೈಕಿನ ‘ಹಲೋ ಹಲೋ’ ಕೇಳಿಸುತ್ತಿತ್ತು.

“ಅಪ್ಪಾ, ಆವತ್ತು...” ಎಂದಳು ಟೇಪು.

“ಆವತ್ತಿನ ಮಾತು ಬಿಡು, ಪುಟ್ಟ.”

“ಬೇರೆ ಯಾರೋ ಹೇಳಿರ್ಬಹುದಲ್ಲಾ?”

ಅಪ್ಪ ನಿಂತ. “ನಾನೂ ಅದನ್ನೇ ಯೋಚನೆ ಮಾಡಿದೆ, ಮೊದಲು. ಯಾವನೋ ತರಲೆ ಹುಡುಗ ಅಂದ್ಕೊಂಡೆ. ಆದ್ರೆ ಆ ಕೈಕಾಲು ತೊಳ್ಕೊಳ್ಳಿ ಅಂತ ಇದೆಯಲ್ಲ, ಅದು ನಮ್ಮನೆ ಮಾತು. ಸಾಯಂಕಾಲ ಬಾಗಿಲಲ್ಲಿ ನಿಂತು ನಿನಗೆ ಹೇಳೋ ಮಾತು. ಸ್ಕೂಲಲ್ಲಿ ಒಂದು ದಿನಾನೂ ನಾನು ಅದನ್ನ ಆಡಿಲ್ಲ. ನನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ, ನೀನೇ ಹೇಳು?”

ಅವನು ನಿಜಕ್ಕೂ ಕೇಳುತ್ತಿದ್ದ. ಅವಳ ಮುಖವನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಅನುಮಾನದ ಒಂದು ಎಳೆಯನ್ನಾದರೂ ಅವಳು ಹುಡುಕಿದಳು. ಏನೂ ಇರಲಿಲ್ಲ. ಇದ್ದದ್ದು ಭಯ ಮಾತ್ರ. ಕತ್ತಲಲ್ಲಿ ಮೆಟ್ಟಿಲು ಮುಗಿಯಿತೋ ಇನ್ನೂ ಇದೆಯೋ ಎಂದು ಕಾಲಿನಲ್ಲಿ ತಡಕಾಡುವವನ ಭಯ.

ಅವಳು ಬಾಯಿ ತೆರೆದಳು. ಹಿಂದಿನಿಂದ ಮೋಟಾರ್ ಬೈಕಿನ ಸದ್ದು ಬಂತು.

“ಸಾರ್! ನಡ್ಕೊಂಡು ಯಾಕೆ ಹೊರಟ್ರಿ? ಹತ್ತಿ, ಹತ್ತಿ. ಹುಷಾರು, ಕಾಲು ಇಲ್ಲಿಡಿ. ಇಲ್ಲಿ... ಹಾಂ, ಹಂಗೆ!” ಸೊನ್ನೆ ಮೇಷ್ಟ್ರು, ಗಣಿತದವರು, ಮುಂದಿನ ಟರ್ಮಿನಿಂದ ಕುರ್ಚಿಯಲ್ಲಿ ಕೂರಬೇಕಾದವರು. ಕೆಟ್ಟವರೇನಲ್ಲ. ಕುರ್ಚಿ ಬೇಡ ಬೇಡ ಎಂದು ಕೈ ಮುಗಿದವರು. ಆದರೆ ಆ ದಿನದಿಂದ ಅವರು ಅಪ್ಪನ ಜೊತೆ ನಿಧಾನವಾಗಿ, ಗಟ್ಟಿಯಾಗಿ, ಚಿಕ್ಕ ಮಗುವಿಗೆ ದಾರಿ ಹೇಳುವವರಂತೆ ಮಾತಾಡುತ್ತಿದ್ದರು. ಅದನ್ನು ಕೇಳಿದರೆ ಟೇಪುವಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅಪ್ಪ ಹಿಂದಿನ ಸೀಟು ಹತ್ತಿದ. ಧೂಳು ಎದ್ದಿತು.

ಮೈದಾನದಲ್ಲಿ ಬೆಂಚು ಜೋಡಿಸಿ ವೇದಿಕೆ ಮಾಡಿದ್ದರು. ಅದರ ಎರಡೂ ಬದಿಗೆ ಬಾಡಿಗೆಗೆ ತಂದ ಎತ್ತರದ ಸ್ಪೀಕರ್ ಡಬ್ಬಗಳು. ಅವನ್ನು ಹಾಕಿದ ಮೈಕ್‌ಸೆಟ್ಟಿನವನು, ಮಕ್ಕಳು ಕರೆಯುವಂತೆ ಮೈಕಾಸುರ, ಹಾರ್ನಿನ ಕಡೆ ಬೆರಳು ಮಾಡಿ ನಗುತ್ತಿದ್ದ. “ಅದು ನಿಮ್ಮ ಆಫೀಸಿಗೇ ಇರ್ಲಿ ಟೀಚರ್. ಅದರಲ್ಲಿ ಕೋಗಿಲೆ ಹಾಡಿದ್ರೂ ಕಾಗೆನೇ. ನನ್ನ ಡಬ್ಬದಲ್ಲಿ ನೋಡಿ, ಸೊಳ್ಳೆ ಹೆಣ್ಣೋ ಗಂಡೋ ಅಂತ ಹೇಳ್ಬಹುದು.”

ಡ್ರಾಯಿಂಗ್ ಟೀಚರ್‌ಗೆ ನಗುವ ಪುರುಸೊತ್ತಿರಲಿಲ್ಲ. ಕಾರ್ಯಕ್ರಮ ನಡೆಸುವ ಭಾರವೆಲ್ಲ ಅವರ ಮೇಲೆ. ಟೇಪುವನ್ನು ಪರದೆಯ ಹಿಂದೆ ಎಳೆದುಕೊಂಡು ಹೋಗಿ, “ನೋಡಮ್ಮ, ನಿಂದು ಬಹುಮಾನದ ಮುಂಚೆ. ಪಂಪು ಮಾಡು, ಬಸ್ಸು ಮಾಡು, ಸೊನ್ನೆ ಸಾರ್‌ನ ಮಾಡು. ಹೆಡ್ಮಾಷ್ಟ್ರು ಮಾತ್ರ ಬೇಡ, ಈ ಸಲ. ತಿಳೀತಾ? ಪಾಪ, ಅವರ ಮನಸ್ಸಿಗೆ...” ಎಂದು ಅರ್ಧಕ್ಕೇ ನಿಲ್ಲಿಸಿ, ಇವಳು ಅವರ ಮಗಳೆಂಬುದು ಆಗ ಹೊಳೆದಂತೆ ಕೆನ್ನೆ ತಟ್ಟಿದರು.

ಪಕ್ಕದಲ್ಲೇ ಅಮ್ಮ ಒಬ್ಬ ಪುಟ್ಟ ಹುಡುಗಿಗೆ ಮರದ ವೇಷದ ಕೊಂಬೆ ಹೊಲಿಯುತ್ತಿದ್ದಳು. ದಾರ ಹಲ್ಲಿನಲ್ಲಿ ಕಡಿದು ಮಗಳ ಕಡೆ ನೋಡಿದಳು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಏನು ನುಂಗಿ ಕೂತಿದೀಯ?”

“ಏನಿಲ್ಲಮ್ಮ.”

“ಏನಿಲ್ದೆ ಇದ್ರೆ ಇಷ್ಟೊತ್ತಿಗೆ ನನ್ನ ಮಿಷನ್ ಸದ್ದು ಮಾಡಿ ತಲೆ ತಿಂತಿದ್ದೆ.”

ಅಮ್ಮ ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಮರ ಅಳತೊಡಗಿತು, ಸೂಜಿ ಚುಚ್ಚಿತೆಂದು.

ಹಾಡಾಯಿತು. ನಾಟಕದಲ್ಲಿ ಮರ ಬೀಳಬಾರದ ಜಾಗದಲ್ಲಿ ಬಿದ್ದು ಎಲ್ಲರನ್ನೂ ನಗಿಸಿತು. ಮುಂದಿನ ಸಾಲಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷರಾದ ಲಾರಿ ಯಜಮಾನರು ಕಾಲು ಚಾಚಿ ಕೂತಿದ್ದರು. ವೇದಿಕೆಯ ಮೇಲೆ ಒಂದು ಬದಿಗೆ ಅಪ್ಪ, ಪಕ್ಕದಲ್ಲಿ ಸೊನ್ನೆ ಮೇಷ್ಟ್ರು. ಅಪ್ಪನ ತುಟಿ ಅಲ್ಲಾಡುತ್ತಿತ್ತು. ಪಂಪು, ಲೈಬ್ರರಿ, ಕಪ್ಪು, ಕೋಳಿ, ಹೆಂಚು.

ಟೇಪುವಿನ ಸರದಿ ಬಂತು. ಪಂಪು ಕೆಮ್ಮಿತು, ಮಕ್ಕಳು ಕುಣಿದರು. ಬಸ್ಸು ಬಂದು ನಿಂತು ಹೋಯಿತು. ಸೊನ್ನೆ ಮೇಷ್ಟ್ರು ಹಲ್ಲು ಕಡಿದರು. ನಿಜವಾದ ಸೊನ್ನೆ ಮೇಷ್ಟ್ರು ತಲೆ ಅಲ್ಲಾಡಿಸಿ ನಕ್ಕರು. ಅಷ್ಟಕ್ಕೆ ಇಳಿದು ಹೋಗಬಹುದಿತ್ತು. ಹಿಂದಿನ ಸಾಲಿನಿಂದ ಕೂಗು ಶುರುವಾಯಿತು: “ಹೆಡ್ಮಾಷ್ಟ್ರು! ಹೆಡ್ಮಾಷ್ಟ್ರು!”

ಡ್ರಾಯಿಂಗ್ ಟೀಚರ್ ಪರದೆಯ ಸಂದಿಯಿಂದ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಟೇಪು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

“ಎಲ್ಲಾ ಮಕ್ಕಳಿಗೂ ತಿಳಿಸೋದೇನಂದ್ರೆ,” ಎಂದಳು, “ಇವತ್ತು ಮಧ್ಯಾಹ್ನದ ವಿಜ್ಞಾನ ಪರೀಕ್ಷೆ ಇರೋದಿಲ್ಲ. ಎಲ್ರೂ ಮನೆಗೆ ಹೋಗಿ. ಹೋಗಿ ಹೋಗಿ, ಮೊದ್ಲು ಕೈಕಾಲು ತೊಳ್ಕೊಳ್ಳಿ.”

ಹಿಂದೆ ಯಾರೋ ಗೊಳ್ಳೆಂದರು. ಉಳಿದವರಿಗೆ ನಗಬೇಕೋ ಬಾರದೋ ತಿಳಿಯಲಿಲ್ಲ.

“ಇದೇನ್ರೀ ಇದು? ಹೆತ್ತಪ್ಪನ್ನೇ ಆಡ್ಕೊಳ್ತಾಳಲ್ಲ!” ಎಂದರು ಲಾರಿ ಯಜಮಾನರು, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವಂತೆ.

“ಆಡ್ಕೊಳ್ತಿಲ್ಲ,” ಎಂದಳು ಟೇಪು. ಈಗ ಅವಳದೇ ಧ್ವನಿ, ಸಣ್ಣಗೆ, ಒಡೆದು. “ಆವತ್ತು ಹೇಳಿದ್ದು ನಾನೇ. ಸಾರ್ ಅಲ್ಲ. ಅವರು ಮಲಗಿದ್ರು. ಮೈಕ್ ಆನ್ ಇದ್ದಿದ್ದು ನನಗೆ ಗೊತ್ತಿರ್ಲಿಲ್ಲ.”

ಅಂತೂ ಹೊರಬಿತ್ತು. ಅವಳು ಕಣ್ಣು ಮುಚ್ಚಿಕೊಂಡು ಕಾದಳು. ಸಿಡಿಲು ಹೊಡೆಯಲಿ ಎಂದು ಕಾದಳು.

ಕೇಳಿಸಿದ್ದು ಚಪ್ಪಾಳೆ.

ಮೊದಲು ತಟ್ಟಿದವರು ಸೊನ್ನೆ ಮೇಷ್ಟ್ರೇ. ಅವರ ಕಣ್ಣು ಒದ್ದೆಯಾಗಿತ್ತು. “ಮಗಳು ಅಂದ್ರೆ ಹೀಗಿರ್ಬೇಕು ಕಣ್ರೀ! ಅಪ್ಪನ ಮರ್ಯಾದೆ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಾಳಲ್ಲ!” ಅದನ್ನು ಕೇಳಿ ತಾಯಂದಿರ ಸಾಲೆಲ್ಲ ತಟ್ಟಿತು. ಲಾರಿ ಯಜಮಾನರೂ ಒಲ್ಲದ ಮನಸ್ಸಿನಿಂದ ಕೈ ಕೂಡಿಸಿದರು.

“ಸುಳ್ಳಲ್ಲ!” ಎಂದು ಕೂಗಿದಳು ಟೇಪು. “ನಿಜವಾಗ್ಲೂ ನಾನೇ!”

“ಆಯ್ತಮ್ಮ, ಆಯ್ತು,” ಎಂದರು ಸೊನ್ನೆ ಮೇಷ್ಟ್ರು ಅದೇ ನಿಧಾನದ, ಗಟ್ಟಿ ಧ್ವನಿಯಲ್ಲಿ. “ಚೆನ್ನಾಗೇ ಮಾಡ್ತೀಯ. ಆದ್ರೂ ಹೆಣ್ಣುಮಗು ಗಂಟಲು ಹೆಣ್ಣುಮಗೂದೇ. ಆವತ್ತು ಇಡೀ ಸ್ಕೂಲು ಕೇಳಿದೆ, ನಾನೂ ಕೇಳಿದೀನಿ. ಸಾರ್ ಧ್ವನಿ ನನಗೆ ಗೊತ್ತಿಲ್ವಾ?”

ಮೈಕಾಸುರನ ಡಬ್ಬ ಅವಳ ಧ್ವನಿಯನ್ನು ಇದ್ದದ್ದು ಇದ್ದಂತೆ ಹೊರಗೆ ಹಾಕಿತ್ತು. ಬಾಯಿ ಕಾಣುತ್ತಿತ್ತು, ಜಡೆ ಕಾಣುತ್ತಿತ್ತು. ಎದುರಿಗೆ ನಿಂತವಳನ್ನು ಯಾರು ನಂಬುತ್ತಾರೆ?

ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ. ಕೈ ತಣ್ಣಗಿತ್ತು.

“ಸಾಕು ಪುಟ್ಟ. ನನಗೋಸ್ಕರ ಸುಳ್ಳು ಹೇಳ್ಬೇಡ,” ಎಂದ ಮೆಲ್ಲಗೆ. “ಹೋಗು, ಅಮ್ಮನ ಹತ್ರ ಕೂತ್ಕೋ.”

ಅಲ್ಲಿಗೆ ಅವಳ ಆಸೆಯೂ ಮುಗಿಯಿತು. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಒಂದು ಕ್ಷಣವೂ ಗೊತ್ತಿರಲಿಲ್ಲ. ಅವನು ನಿಜಕ್ಕೂ ತನ್ನ ತಲೆಯನ್ನೇ ತಾನು ನಂಬದೆ ಇಷ್ಟು ದಿನ ಬದುಕಿದ್ದ. ಅವನು ರಾತ್ರಿ ಎದ್ದೆದ್ದು ಚಿಲಕ ನೋಡುವಾಗ ಅವಳು ಹೊದಿಕೆಯೊಳಗೆ ಎಚ್ಚರವಾಗಿದ್ದಳು.

ಬಹುಮಾನ ಹಂಚುವುದು ಶುರುವಾಯಿತು. ಅವಳು ಅಮ್ಮನ ಬಳಿ ಹೋಗಲಿಲ್ಲ. ಪರದೆಯ ಹಿಂದಿನಿಂದ ಇಳಿದು, ಮರದ ವೇಷ ಕಳಚಿಟ್ಟ ಜಾಗ ದಾಟಿ, ಆಫೀಸಿನ ಕಡೆ ನಡೆದಳು.

“ಎಲ್ಲಿಗೆ?” ಎಂದು ಅಡ್ಡ ಬಂದರು ಡ್ರಾಯಿಂಗ್ ಟೀಚರ್.

“ಹೋಗ್ಲಿ ಬಿಡಿ ಟೀಚರ್,” ಎಂದಳು ಅಮ್ಮ. ಅವಳು ಯಾವಾಗ ಎದ್ದು ಬಂದಿದ್ದಳೋ. ಮಗಳ ಮುಖವನ್ನೇ ನೋಡುತ್ತಿದ್ದಳು, ಹೊಲಿಗೆ ಎಲ್ಲಿ ಬಿಚ್ಚಿದೆ ಎಂದು ಬಟ್ಟೆ ನೋಡುವ ಹಾಗೆ. ಅವಳು ಚಪ್ಪಾಳೆ ತಟ್ಟಿರಲಿಲ್ಲ.

ಆಫೀಸಿನಲ್ಲಿ ಯಾರೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಕುರ್ಚಿಯ ಬೆನ್ನಿಗೆ ಅಪ್ಪನ ತಲೆಯೆಣ್ಣೆಯ ಗುರುತು. ಅವಳು ಮೊದಲು ಫ್ಯಾನು ಆರಿಸಿದಳು. ಕಿಟಕಿಯ ಸರಳಿನ ನಡುವೆ ವೇದಿಕೆ ಓರೆಯಾಗಿ ಕಾಣುತ್ತಿತ್ತು. ಆಚೆ ಕಂಬ, ಕಂಬದ ಮೇಲೆ ಬಾಯಿ ತೆರೆದ ಹಾರ್ನು.

ಬಹುಮಾನ ಮುಗಿದು ಅಪ್ಪ ಮೈಕಿನ ಮುಂದೆ ಬಂದು ನಿಂತ. ಕೈಯಲ್ಲಿ ಕಾಗದವಿಲ್ಲ. ಜನ ಅದನ್ನು ಗಮನಿಸಿ ಒಬ್ಬರನ್ನೊಬ್ಬರು ತಿವಿದುಕೊಂಡರು.

“ಟರ್ಮಿನ ಸುದ್ದಿ,” ಎಂದ ಅಪ್ಪ. “ಬಾವಿಗೆ ಹೊಸ ಪಂಪು ಬಂದಿದೆ...”

ಟೇಪು ಕಿಟಕಿಯ ಸರಳು ಹಿಡಿದು ಕೇಳಿದಳು. ಒಂದೊಂದು ಸುದ್ದಿಯೂ ಅವಳ ತುಟಿಯಲ್ಲೂ ಆಗುತ್ತಿತ್ತು. ಲೈಬ್ರರಿ. ಕಪ್ಪು. ಅಪ್ಪ ಒಂದು ಹೆಸರೂ ತಪ್ಪಲಿಲ್ಲ, ಓಡಿದ ಹುಡುಗಿಯರ ಊರುಗಳನ್ನೂ ಹೇಳಿದ. ಕೋಳಿಗೆ ಎಲ್ಲರೂ ನಕ್ಕರು. ಅಪ್ಪನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಹೆಂಚು.

ಆಮೇಲೆ ಅವನು ನಿಂತುಬಿಟ್ಟ.

ಮೈದಾನ ಕಾದಿತು. ಅಪ್ಪನ ಬಾಯಿ ತೆರೆದುಕೊಂಡಿತು, ಮುಚ್ಚಿಕೊಂಡಿತು. ಮರೆತನೋ? ಹೇಳಲಾರದೆ ನಿಂತನೋ? ಕಿಟಕಿಯಿಂದ ಅವಳಿಗೆ ತಿಳಿಯಲಿಲ್ಲ. ಸೊನ್ನೆ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದು ಅವನ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು: “ಕುರ್ಚಿ ಸಾರ್... ಕುರ್ಚಿ ವಿಷಯ...”

ಟೇಪು ಮೇಜಿಗೆ ಬಂದು ಮೈಕಿನ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಲಿಲ್ಲ. ಮೈಕ್ ಆನ್ ಆಗಿದೆಯೋ ಇಲ್ಲವೋ ತಿಳಿಯದೆಯೇ ಆವತ್ತಿನ ಹಾಗೆ ಕುಕ್ಕರುಗಾಲಲ್ಲಿ ಕೂತು, ತುಟಿ ಹತ್ತಿರ ತಂದು, ಅಪ್ಪನನ್ನು ಗಂಟಲಿಗೆ ಕರೆದಳು.

“ಎಲ್ಲಾ ಮಕ್ಕಳಿಗೂ ತಿಳಿಸೋದೇನಂದ್ರೆ...”

ಫ್ಯಾನು ಇರಲಿಲ್ಲವಾದ್ದರಿಂದ ಈ ಸಲ ಅವಳಿಗೂ ಕೇಳಿಸಿತು. ಮೈದಾನದ ಆಚೆ ತುದಿಯಿಂದ, ಆಕಾಶದ ಕಡೆಯಿಂದ, ತಗಡಿನಂಥ ಮೂಗಿನ ಆ ಧ್ವನಿ. ಅಪ್ಪನದೇ. ಅವಳಿಗೇ ಮೈ ಜುಮ್ಮೆಂದಿತು. ನಿಲ್ಲಿಸಲಿಲ್ಲ.

“...ಇವತ್ತು ಮಧ್ಯಾಹ್ನದ ವಿಜ್ಞಾನ ಪರೀಕ್ಷೆ ಇರೋದಿಲ್ಲ. ಎಲ್ರೂ ಮನೆಗೆ ಹೋಗಿ. ಹೋಗಿ ಹೋಗಿ, ಮೊದ್ಲು ಕೈಕಾಲು ತೊಳ್ಕೊಳ್ಳಿ.”

ಎದ್ದು ಕಿಟಕಿಗೆ ಬಂದಳು. ಮುಂದಿನ ಸಾಲಿನ ಪುಟ್ಟ ಮಕ್ಕಳು ಹೆಡ್ಮಾಷ್ಟ್ರು ಹೇಳಿದರೆಂದು ಆಗಲೇ ಎದ್ದು ನಿಂತು ಚಪ್ಪಲಿ ಹುಡುಕುತ್ತಿದ್ದವು. ದೊಡ್ಡವರೆಲ್ಲ ಹಾರ್ನಿನ ಕಡೆ ತಲೆಯೆತ್ತಿದ್ದರು. ಆಮೇಲೆ ಗಾಳಿಗೆ ಪೈರು ತಿರುಗುವಂತೆ ಎಲ್ಲ ತಲೆಗಳೂ ಒಟ್ಟಿಗೆ ವೇದಿಕೆಯ ಕಡೆ ತಿರುಗಿದವು. ಅಲ್ಲಿ ಹೆಡ್ಮಾಷ್ಟ್ರು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಒಂದು ಕೈ ತಮ್ಮದೇ ಗಂಟಲಿನ ಮೇಲೆ, ಅದು ಅಲ್ಲೇ ಇದೆಯೇ ಎಂದು ನೋಡುವಂತೆ.

ಸೊನ್ನೆ ಮೇಷ್ಟ್ರು ಅರ್ಧ ಎದ್ದವರು ಅರ್ಧದಲ್ಲೇ ಉಳಿದಿದ್ದರು.

ಕೊನೆಗೆ ಅಪ್ಪ ಮೈಕಿಗೆ ಬಾಗಿದ.

“ಕೊನೆಯ ಸುದ್ದಿ,” ಎಂದ. ಧ್ವನಿ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡ. “ಕೊನೆಯ ಸುದ್ದಿ ನನಗೂ ಈಗ್ಲೇ ಬಂತು. ಮಕ್ಕಳೇ, ಕೂತ್ಕೊಳ್ಳಿ. ಹೇಳ್ತಾ ಇರೋದು ನಾನು.”

ಮೈದಾನ ಖಾಲಿಯಾಗುವವರೆಗೂ ಅವಳು ಆಫೀಸಿನಲ್ಲೇ ಕೂತಿದ್ದಳು. ಹೊರಗೆ ಗುಸುಗುಸು, ಬೆಂಚು ಎಳೆಯುವ ಸದ್ದು, ‘ಅಬ್ಬಾ ಎಂಥಾ ಹುಡುಗಿಯಪ್ಪ’ ಅನ್ನುವ ಯಾರದೋ ಧ್ವನಿ. ಲಾರಿ ಯಜಮಾನರು, “ಕುರ್ಚಿ ಬಿಡೋ ಮಾತು ಮಾತ್ರ ಇನ್ಮೇಲೆ ಎತ್ಬೇಡಿ ಸಾರ್,” ಅನ್ನುತ್ತಿದ್ದರು. ಅಪ್ಪ ಅದಕ್ಕೆ ಏನು ಹೇಳಿದನೋ ಕೇಳಿಸಲಿಲ್ಲ.

ಅವನು ಒಳಗೆ ಬಂದ. ಬಾಗಿಲು ಮುಂದೆ ಮಾಡಿ ಕುರ್ಚಿಯಲ್ಲಿ ಕೂತ. ಅಮ್ಮ ಹೊರಗೆ ಬಾಗಿಲಿಗೊರಗಿ ನಿಂತದ್ದು ಸಂದಿಯಿಂದ ಕಾಣುತ್ತಿತ್ತು.

“ನಾನು ಮಲಗಿದ್ನಾ?” ಎಂದ ಅಪ್ಪ.

“ಹೂಂ ಸಾರ್.” ಶಾಲೆಯಲ್ಲಿ ಅವಳು ಅವನನ್ನು ಸಾರ್ ಎಂದೇ ಕರೆಯಬೇಕಿತ್ತು.

“ಸರಿಯಾಗಿ ಹೇಳು. ಮಲಗಿದ್ದೆ. ಆಮೇಲೆ?”

“ಮುಖದ ಮೇಲೆ ಕರವಸ್ತ್ರ ಇತ್ತು. ಗೊರಕೆ ಹೊಡೀತಿದ್ರಿ.”

“ಗೊರಕೆನೂ ಹೊಡೀತಿದ್ದೆ.” ಅವನು ಆ ಮಾತನ್ನು ಬಾಯೊಳಗೆ ಇಟ್ಟುಕೊಂಡು ಚಪ್ಪರಿಸಿದ. ತುಟಿಯಂಚು ನಗಲು ಹೊರಟಿತು. ಆದರೆ ಅವಳ ಮುಖ ಕಂಡಕೂಡಲೇ ಆ ನಗು ಅಲ್ಲೇ ನಿಂತುಹೋಯಿತು.

“ನಾನು ರಾತ್ರಿ ಎದ್ದೆದ್ದು ಹೋಗಿ ಚಿಲಕ ನೋಡ್ತಿದ್ದೆ. ನೀನು ನೋಡ್ತಿದ್ದೆ.”

ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಹಾಸಿಗೆಯಲ್ಲಿ ಬಿದ್ಕೊಂಡು ಮಕ್ಕಳ ಹೆಸರು ಒಂದೊಂದಾಗಿ ಹೇಳ್ಕೊಳ್ತಿದ್ದೆ. ಅದನ್ನೂ ಕೇಳಿಸ್ಕೊಂಡೆ.”

“ಅಪ್ಪಾ...”

“ಸಾರ್ ಅನ್ನು.”

ಅವಳ ಕಣ್ಣು ತುಂಬಿತು. ಅಪ್ಪ ಮೇಜಿನ ಮೇಲಿನ ಮೈಕನ್ನು ತಿರುಗಿಸಿ ತಿರುಗಿಸಿ ನೋಡಿದ. ಸುಟ್ಟ ದೀಪವನ್ನು ಉಗುರಿನಿಂದ ತಟ್ಟಿದ.

“ಮಾಡಿದವರಿಗೆ ಟಿ.ಸಿ. ಕೊಡ್ತೀನಿ, ಯಾರೇ ಆಗಿರ್ಲಿ ಅಂತ ಇದೇ ಮೈಕಲ್ಲಿ ಹೇಳಿದಾರೆ. ಅದು ಹೇಳಿದ್ದು ನಾನಾ, ನೀನಾ?”

ತಮಾಷೆಯೋ ಅಲ್ಲವೋ ಎಂದು ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

“ನೀವೇ ಸಾರ್.”

“ಚೆನ್ನಾಗಿ ಯೋಚನೆ ಮಾಡಿ ಹೇಳು.”

“ನೀವೇ. ನಾನು ಮೂರನೇ ಸಾಲಲ್ಲಿ ನಿಂತಿದ್ದೆ.”

“ಹಾಗಾದ್ರೆ ಕೊಡ್ಲೇಬೇಕು,” ಎಂದ ಅಪ್ಪ.

ಬಾಗಿಲ ಸಂದಿಯಲ್ಲಿ ಅಮ್ಮ ಅಲ್ಲಾಡಿದಳು. “ರೀ, ಮುಂದಿನ ವರ್ಷ ದೊಡ್ಡ ಪರೀಕ್ಷೆ ಅವಳಿಗೆ. ಊರು ಬಿಟ್ಟು ಇನ್ನೊಂದು ಸ್ಕೂಲಿಗೆ ದಿನಾ ಬಸ್ಸಲ್ಲಿ...”

“ಗೊತ್ತು. ನೆನಪಿದೆ.” ಅವನು ಆ ಮಾತನ್ನು ಜೋರಾಗಿ ಆಡಲಿಲ್ಲ. “ನನ್ನ ಬಾಯಿಂದ ಯಾವ ಮಾತು ಬಂತು, ಯಾವುದು ಬರ್ಲಿಲ್ಲ ಅಂತ ಊರೆಲ್ಲ ಕೇಳ್ತಾ ಇತ್ತಲ್ಲ. ನಾನೂ ಕೇಳ್ಕೊಳ್ತಾ ಇದ್ದೆ. ಈ ಮಾತು ನನ್ನದು. ನನ್ನದು ಅಂತ ಗೊತ್ತಾದ ಮೇಲೆ ಅದನ್ನ ಹೆಂಗೆ ನುಂಗ್ಲಿ?”

ಅಮ್ಮ ಏನೋ ಹೇಳಹೊರಟು, ಬಾಗಿಲ ಚೌಕಟ್ಟಿನ ಎದ್ದ ಚಕ್ಕೆಯೊಂದನ್ನು ಕೀಳತೊಡಗಿದಳು.

“ಕೊಡಿ ಸಾರ್,” ಎಂದಳು ಟೇಪು. ಹೇಳಿದ ಮೇಲೆ ಭಯವಾಯಿತು. ಆದರೆ ಗಂಟಲು ತೆರೆದಿತ್ತು.

ಅಪ್ಪ ಎದ್ದ. ಮೂವರೂ ಹೊರಗೆ ಬಂದರು. ಅಪ್ಪ ಆಫೀಸಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಮೈಕಾಸುರ ಡಬ್ಬಗಳನ್ನು ಗಾಡಿಗೆ ಏರಿಸುತ್ತ, ಟೇಪುವನ್ನು ಕಂಡು ಬಾಯಿ ತೆರೆದವನು ಅಪ್ಪನನ್ನು ಕಂಡು ಮುಚ್ಚಿಕೊಂಡ. ಅಮ್ಮ ರೂಢಿಯಂತೆ ನಿಂತಳು, ಅಪ್ಪ ಹಿಂದಕ್ಕೆ ಹೋಗಿ ಬೀಗ ಜಗ್ಗಲಿ ಎಂದು. ಅಪ್ಪ ಆಗಲೇ ಮೈದಾನದ ಅರ್ಧ ದಾಟಿದ್ದ.

ದಾರಿಯಲ್ಲಿ ಅಪ್ಪ ಅಮ್ಮ ಮುಂದೆ, ಅವಳು ಹಿಂದೆ. ಮನೆ ಬಂದಾಗ ಹೊತ್ತು ಇಳಿದಿತ್ತು. ಅಪ್ಪ ಬೀಗ ತೆಗೆದು ಒಳಗೆ ಹೋದ. ಅಮ್ಮ ಹೋದಳು. ಟೇಪು ಅಂಗಳದ ನಲ್ಲಿಯ ಬಳಿ ನಿಂತಳು. ಶಾಲೆಯಿಂದ ಬಂದಾಗಲೆಲ್ಲ ಅಪ್ಪ ಬಾಗಿಲಲ್ಲಿ ತಿರುಗಿ ನಿಂತು ಆ ಮಾತು ಹೇಳುತ್ತಿದ್ದ. ಹೇಳುವವರೆಗೂ ಬೇಕೆಂದೇ ನಲ್ಲಿ ತಿರುಗಿಸದೆ ನಿಲ್ಲುವುದು ಅವಳ ಚಿಕ್ಕಂದಿನ ಆಟ.

ಬಾಗಿಲು ತೆರೆದೇ ಇತ್ತು. ಯಾರೂ ಬರಲಿಲ್ಲ. ಒಳಗಿನಿಂದ ಅಪ್ಪನ ಧ್ವನಿ ಕೇಳಿಸಿತು, ತೆಳು, ಮೂಗಿನದು: “ಗೊರಕೆ ಹೊಡೀತಿದ್ನಂತೆ ಕಣೇ.” ಅಮ್ಮ ಏನೋ ಅಂದಳು. ಅಪ್ಪ ನಕ್ಕ. ಬಹಳ ದಿನದ ಮೇಲೆ, ಹೊಟ್ಟೆಯಿಂದ.

ಆ ಮಾತು ಅವಳ ಗಂಟಲಲ್ಲಿ ತಯಾರಾಗಿಯೇ ಇತ್ತು. ಬೇಕಾಗಿದ್ದರೆ ಅಪ್ಪನ ಧ್ವನಿಯಲ್ಲಿ ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಅವಳು ತುಟಿ ಬಿಗಿಹಿಡಿದಳು. ನಲ್ಲಿ ತಿರುಗಿಸಿ, ಕೈಕಾಲು ತೊಳೆದುಕೊಂಡಳು.